ರುಡಾಲ್ಫ್ ಗೊಂಬೆಯಿಂದ ಕೊನೆಯ ಯೂನಿಕಾರ್ನ್‌ವರೆಗೆ: ರಾಂಕಿನ್-ಬಾಸ್ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಡಿಸೆಂಬರ್ ಬಂತು ಅಂದ್ರೆ ಮೈಸೂರಲ್ಲಿರೋ ಅಕ್ಕನ ಮಗಳಿಂದ ಹಿಡಿದು ಇಲ್ಲಿ ನ್ಯೂಜೆರ್ಸಿಯ ಕನ್ನಡ ಕೂಟದಲ್ಲಿ ಸಿಗೋ ಹೊಸ ಅಪ್ಪ ಅಮ್ಮಂದಿರವರೆಗೂ ಎಲ್ರೂ ನನ್ನ ಹತ್ರ ಇವೇ ಪ್ರಶ್ನೆ ಕೇಳ್ತಾರೆ, ಯಾಕಂದ್ರೆ ಈ ಹಳೇ ಅನಿಮೇಷನ್‌ಗಳ ಮೇಲೆ ನನಗೆ ಎಷ್ಟು ಪ್ರೀತಿ ಅಂತ ಅವರಿಗೆಲ್ಲ ಗೊತ್ತು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳೋ ಬದಲು ಒಂದೇ ಕಡೆ ಬರೆದಿಡ್ತಾ ಇದೀನಿ.

ಹಾಲಿಡೇ ಸ್ಪೆಷಲ್ ಅಂದ್ರೆ ಏನು? ಸಿನಿಮಾನಾ, ಸೀರಿಯಲ್ಲಾ?

ಎರಡೂ ಅಲ್ಲ. ಹಬ್ಬದ ಸಮಯದಲ್ಲಿ ಮಾತ್ರ ಅಮೆರಿಕದ ಟಿವಿಯಲ್ಲಿ ಬರೋ ಒಂದೇ ಕಂತಿನ ಕಾರ್ಯಕ್ರಮ, ಜಾಹೀರಾತು ಸೇರಿಸಿ ಅರ್ಧ ಗಂಟೆ ಇಲ್ಲಾಂದ್ರೆ ಒಂದು ಗಂಟೆ. 1962ರ ಡಿಸೆಂಬರ್‌ನಲ್ಲಿ ಮಿಸ್ಟರ್ ಮಗೂ ಅನ್ನೋ ಕಾರ್ಟೂನ್ ಪಾತ್ರವನ್ನ ಡಿಕನ್ಸ್‌ನ ಕ್ರಿಸ್‌ಮಸ್ ಕಥೆಯೊಳಗೆ ಇಟ್ಟು ಒಂದು ಕಾರ್ಯಕ್ರಮ ಮಾಡಿದ್ರು, ಟಿವಿಗೇ ಅಂತ ಮಾಡಿದ ಕ್ರಿಸ್‌ಮಸ್ ಅನಿಮೇಷನ್‌ಗಳಲ್ಲಿ ಅದೇ ಮೊದಲನೇದು. ಆಗ ಮನೇಲಿ ರೆಕಾರ್ಡ್ ಮಾಡ್ಕೊಳ್ಳೋ ಮೆಷಿನ್ ಇರಲಿಲ್ಲ. ವರ್ಷಕ್ಕೆ ಒಂದು ರಾತ್ರಿ ಬರ್ತಿತ್ತು, ಆ ರಾತ್ರಿ ಮನೇಲಿ ಕರೆಂಟ್ ಹೋದ್ರೆ ಅಥವಾ ಮಗು ನಿದ್ದೆ ಹೋದ್ರೆ ಮತ್ತೆ ಮುಂದಿನ ಡಿಸೆಂಬರೇ. ಇಲ್ಲಿನ ಎಪ್ಪತ್ತು ವರ್ಷದ ಅಜ್ಜ ಅಜ್ಜಿಯರು ಇದರ ಬಗ್ಗೆ ಮಾತಾಡುವಾಗ ಕಣ್ಣಲ್ಲಿ ನೀರು ತರ್ಕೊಳ್ಳೋದು ನೋಡಿದ್ದೀನಿ, ನಮ್ಮ ಕಡೆ ವರ್ಷಕ್ಕೊಮ್ಮೆ ಬರೋ ಜಾತ್ರೆಗೆ ಕಾಯ್ತಿದ್ವಲ್ಲ ಹಾಗೆ ಕಾದಿದ್ದವರು ಅವರು.

ರಾಂಕಿನ್-ಬಾಸ್ ಅಂದ್ರೆ ಯಾರು?

ಆರ್ಥರ್ ರಾಂಕಿನ್ ಜೂನಿಯರ್ ಮತ್ತು ಜೂಲ್ಸ್ ಬಾಸ್, ಇಬ್ಬರು. 1960ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಡಿಯೋಕ್ರಾಫ್ಟ್ ಇಂಟರ್‌ನ್ಯಾಷನಲ್ ಅಂತ ಕಂಪನಿ ಶುರು ಮಾಡಿದ್ರು, ಆಮೇಲೆ ಅದಕ್ಕೆ ಅವರದೇ ಹೆಸರು ಬಂತು. ಕ್ರಿಸ್‌ಮಸ್ ಗೊಂಬೆ ಚಿತ್ರಗಳೂ ಅವರದೇ, ಹಾಬಿಟ್, ಲಾಸ್ಟ್ ಯೂನಿಕಾರ್ನ್ ಥರದ ಫ್ಯಾಂಟಸಿಗಳೂ ಅವರದೇ. ಇವೆರಡೂ ಬೇರೆ ಬೇರೆ ಪ್ರಪಂಚ ಅಂತ ಜನ ಅಂದ್ಕೊಂಡಿರ್ತಾರೆ, ಒಂದೇ ಕಂಪನಿ ಅಂದಾಗ ಬಹಳ ಜನ ನಂಬೋದೇ ಇಲ್ಲ. ರಾಂಕಿನ್ 2014ರಲ್ಲಿ, ಬಾಸ್ 2022ರಲ್ಲಿ ತೀರಿಕೊಂಡ್ರು.

ನಾನು ಒಂದೂ ನೋಡಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್‌ನಿಂದ, ಬೇರೆ ಯೋಚನೆನೇ ಬೇಡ. 1964ರ ಡಿಸೆಂಬರ್ 6ಕ್ಕೆ ಎನ್‌ಬಿಸಿ ಅನ್ನೋ ಟಿವಿ ಚಾನೆಲ್‌ನಲ್ಲಿ ಮೊದಲ ಸಲ ಬಂತು, ಅಂದಿನಿಂದ ಅಮೆರಿಕದ ಟಿವಿಯಲ್ಲಿ ಒಂದು ವರ್ಷವೂ ತಪ್ಪಿಲ್ಲ. 1972ರಲ್ಲಿ ಸಿಬಿಎಸ್‌ಗೆ ಹೋಗಿ ಐವತ್ತು ವರ್ಷಕ್ಕಿಂತ ಜಾಸ್ತಿ ಅಲ್ಲೇ ಇದ್ದು 2024ರಲ್ಲಿ ಮತ್ತೆ ತವರಿಗೆ ಬಂದ ಹಾಗೆ ಎನ್‌ಬಿಸಿಗೇ ಬಂತು.

ಕಥೆಯ ಮೂಲ ಇನ್ನೂ ಹಳೇದು. 1939ರಲ್ಲಿ ಮಾಂಟ್ಗೊಮರಿ ವಾರ್ಡ್ ಅನ್ನೋ ದೊಡ್ಡ ಅಂಗಡಿಯವರು ಹಬ್ಬಕ್ಕೆ ಗಿರಾಕಿಗಳ ಮಕ್ಕಳಿಗೆ ಪುಕ್ಕಟೆ ಕೊಡೋಕೆ ಒಂದು ಪುಟ್ಟ ಪುಸ್ತಕ ಬೇಕು ಅಂದ್ರು, ಅಲ್ಲೇ ಜಾಹೀರಾತು ಬರೀತಿದ್ದ ರಾಬರ್ಟ್ ಮೇ ಬರೆದುಕೊಟ್ಟ. ಆಗ ಅವನ ಹೆಂಡತಿ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ಲು, ಪುಸ್ತಕ ಮುಗಿಯೋ ಮೊದಲೇ ತೀರಿಕೊಂಡ್ಲು. ಎಲ್ಲರಿಂದ ದೂರ ಆಗಿ ಒಂಟಿಯಾಗಿ ಅಳೋ ಒಂದು ಜಿಂಕೆ ಮರಿ ಯಾವ ಮನೆಯಿಂದ ಹುಟ್ಟಿತು ಅಂತ ಗೊತ್ತಾದ ಮೇಲೆ ನಾನು ಆ ಕಥೆಯನ್ನ ಮೊದಲಿನ ಥರ ನೋಡೋಕೆ ಆಗಿಲ್ಲ. ಹತ್ತು ವರ್ಷ ಆದ ಮೇಲೆ, 1949ರಲ್ಲಿ, ಅವನ ಭಾವಮೈದುನ ಜಾನಿ ಮಾರ್ಕ್ಸ್ ಅದನ್ನ ಹಾಡು ಮಾಡಿದ, ಟಿವಿ ಚಿತ್ರದ ಹಾಡುಗಳೂ ಅವನವೇ.

ಗೊಂಬೆಗಳು ಜರ್ಕ್ ಜರ್ಕ್ ಆಗಿ ಓಡಾಡ್ತವೆ, ಈಗಿನ ಮಕ್ಕಳಿಗೆ ಹಿಡಿಸುತ್ತಾ?

ನನಗೆ ಅತೀ ಹೆಚ್ಚು ಬರೋ ಪ್ರಶ್ನೆ ಇದೇ, ಉತ್ತರ ಹೇಳೋಕೆ ನನಗೆ ಅತೀ ಇಷ್ಟವಾದ ಪ್ರಶ್ನೆನೂ ಇದೇ.

ಇದು ಸ್ಟಾಪ್ ಮೋಷನ್. ಗೊಂಬೇನ ಮೇಜಿನ ಮೇಲೆ ನಿಲ್ಲಿಸಿ ಒಂದು ಫೋಟೋ, ಆಮೇಲೆ ಕೈಯಿಂದ ಅದರ ಕಾಲನ್ನ ಕೂದಲೆಳೆಯಷ್ಟು ಸರಿಸಿ ಇನ್ನೊಂದು ಫೋಟೋ, ಹೀಗೇ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಒಂದೊಂದು ಭಂಗೀನ ಎರಡೆರಡು ಫ್ರೇಮ್ ತೆಗೆದ್ರು ಅಂತ ಇಟ್ಕೊಂಡ್ರೂ ಸೆಕೆಂಡಿಗೆ 12 ಸಲ ಗೊಂಬೆ ಮುಟ್ಟಬೇಕು. ರುಡಾಲ್ಫ್ ಸುಮಾರು ಐವತ್ತು ನಿಮಿಷ ಇದೆ, ಅಂದ್ರೆ 3000 ಸೆಕೆಂಡು, ನೀವೇ ಗುಣಿಸಿ, 36000 ಸಲ. ಒಂದೇ ಫ್ರೇಮಲ್ಲಿ ನಾಕು ಗೊಂಬೆ ಇದ್ರೆ ನಾಕನ್ನೂ ಮುಟ್ಟಬೇಕು, ಮಧ್ಯದಲ್ಲಿ ಒಂದು ಬಿದ್ದೋದ್ರೆ ಆ ಶಾಟ್ ಮೊದಲಿಂದ. ಒಂದು ಗಂಟೆಯೂ ಇಲ್ಲದ ಈ ಚಿತ್ರಕ್ಕೆ ಸುಮಾರು ಒಂದೂವರೆ ವರ್ಷ ಹಿಡಿದಿದ್ದು ಯಾಕೆ ಅಂತ ಈಗ ಗೊತ್ತಾಗುತ್ತಲ್ಲ.

ಉಪ್ಪಿನಕುದ್ರು ಕಡೆಯ ಸೂತ್ರದ ಗೊಂಬೆಯಾಟ ನೋಡಿದವರು ನಾನು ಹೇಳೋದನ್ನ ಬೇಗ ಹಿಡೀತಾರೆ. ಅಲ್ಲಿ ಆಡಿಸೋರ ಕೈ ಮೇಲಿಂದ ದಾರ ಎಳೀತಾ ಇರುತ್ತೆ, ಗೊಂಬೆ ಆ ಕ್ಷಣಕ್ಕೇ ಕುಣಿಯುತ್ತೆ. ಇಲ್ಲಿ ಕೈ ಬಂದು ಮುಟ್ಟಿ ಫ್ರೇಮಿನಿಂದ ಆಚೆ ಹೋಗುತ್ತೆ, ಆ ಕೈ ನಮಗೆ ಕಾಣಲ್ಲ, ಆದ್ರೆ ಅದು ಮುಟ್ಟಿ ಹೋದ ಗುರುತು ಉಳಿಯುತ್ತೆ. ಸಾಂಟಾನ ಬಟ್ಟೆ ತುದೀಲಿರೋ ಬಿಳಿ ಉಣ್ಣೆ ಸುಮ್ನೆ ನಿಂತಾಗಲೂ ಒಂಚೂರು ಅಲುಗಾಡ್ತಾ ಇರುತ್ತೆ ನೋಡಿ, ಗಾಳಿ ಅಲ್ಲ ಅದು, ಪ್ರತಿ ಫ್ರೇಮಿಗೂ ಯಾರದೋ ಬೆರಳು ತಾಗಿದ್ದು. ಆ ಜರ್ಕನ್ನ ತಪ್ಪು ಅಂತ ನೋಡಬೇಡಿ, ಕೈಕೆಲಸ ಅಂತ ನೋಡಿ, ಮಗ್ಗದ ಸೀರೆಯಲ್ಲಿ ನೂಲಿನ ಗಂಟು ಕಂಡ್ರೆ ನಾವು ಅದನ್ನ ಮೆಷಿನ್ ಸೀರೆ ಅಲ್ಲ ಅಂತ ಖುಷಿಪಡ್ತೀವಲ್ಲ. ಮಕ್ಕಳಿಗೆ ಮೊದಲು ಇದನ್ನ ತಿಳಿಸಿ ಆಮೇಲೆ ತೋರಿಸಿ, ನನ್ನ ಮಗಳಿಗೆ ಆರು ವರ್ಷ ಇದ್ದಾಗ ಹೇಳಿದ್ದೆ, ಅವಳು ಆ ವಾರವೆಲ್ಲ ತನ್ನ ಆಟದ ಸಾಮಾನು ಸಾಲಾಗಿಟ್ಟು ಫೋನಲ್ಲಿ ಫೋಟೋ ಮೇಲೆ ಫೋಟೋ ತೆಗೀತಾ ಕೂತಿದ್ಲು.

ಇವು ಜೇಡಿಮಣ್ಣಿನ ಗೊಂಬೆಗಳಾ?

ಅಲ್ಲ. ಮರ, ತಂತಿ, ಬಟ್ಟೆ, ಚರ್ಮ, ಉಣ್ಣೆ. ಮಣ್ಣಿನದು ಬೇರೆ ವಿಧಾನ, ಜನ ಎರಡನ್ನೂ ಸೇರಿಸಿಬಿಡ್ತಾರೆ. ರಾಂಕಿನ್-ಬಾಸ್‌ನವರು ತಮ್ಮದಕ್ಕೆ ಅನಿಮ್ಯಾಜಿಕ್ ಅಂತ ಹೆಸರಿಟ್ಟಿದ್ರು.

ಅಮೆರಿಕದ ಕ್ರಿಸ್‌ಮಸ್ ಚಿತ್ರ ಅಂತೀರಿ, ಟೈಟಲ್‌ನಲ್ಲಿ ಜಪಾನಿ ಹೆಸರು ಯಾಕೆ?

ಯಾಕಂದ್ರೆ ಗೊಂಬೆ ಮಾಡಿದ್ದೂ ಆಡಿಸಿದ್ದೂ ಟೋಕಿಯೋದಲ್ಲಿ. ನನ್ನ ಕೇಳಿದ್ರೆ ಈ ಇಡೀ ವಿಷಯದಲ್ಲಿ ಎಲ್ಲರೂ ತಿಳ್ಕೊಳ್ಳಲೇಬೇಕಾದ ಹೆಸರು ತಾದಾಹಿತೋ ಮೊಚಿನಾಗಾ, ಟೈಟಲ್‌ನಲ್ಲಿ ಟ್ಯಾಡ್ ಮೊಚಿನಾಗಾ ಅಂತ ಚಿಕ್ಕದಾಗಿ ಬರುತ್ತೆ.

1919ರಲ್ಲಿ ಹುಟ್ಟಿದ ಮನುಷ್ಯ. ಯುದ್ಧದ ಕಾಲದಲ್ಲಿ ಜಪಾನ್‌ನಲ್ಲಿ ಅನಿಮೇಷನ್ ಕೆಲಸ ಮಾಡಿ, ಆಮೇಲೆ ಮಂಚೂರಿಯಾಗೆ ಹೋಗಿ, ಯುದ್ಧ ಮುಗಿದ ಮೇಲೂ ಚೀನಾದಲ್ಲೇ ಉಳಿದು ಅಲ್ಲಿನ ಹುಡುಗರಿಗೆ ಗೊಂಬೆ ಅನಿಮೇಷನ್ ಹೇಳಿಕೊಟ್ಟ, ಮುಂದೆ ಶಾಂಘೈನಲ್ಲಿ ಬೆಳೆದ ಚೀನಾದ ದೊಡ್ಡ ಅನಿಮೇಷನ್ ಸ್ಟುಡಿಯೋದ ಬೇರಿನಲ್ಲಿ ಅವನ ಕೈ ಇದೆ. 1953ರಲ್ಲಿ ಜಪಾನ್‌ಗೆ ವಾಪಸ್ ಬಂದ. ರಾಂಕಿನ್ ಅವನ ಕೆಲಸ ನೋಡಿ ಮಾರುಹೋಗಿ ಮೊದಲು ಪಿನೋಕಿಯೋ ಬಗ್ಗೆ ಐದೈದು ನಿಮಿಷದ 130 ಕಂತು ಮಾಡಿಸಿದ, ಆಮೇಲೆ ಬಂದಿದ್ದು ರುಡಾಲ್ಫ್. ಜಪಾನ್ ಮತ್ತು ಚೀನಾ ಎರಡೂ ದೇಶದ ಗೊಂಬೆ ಅನಿಮೇಷನ್‌ಗೆ ಗುರು ಆದವನು ಅಮೆರಿಕದ ಮಕ್ಕಳ ಕ್ರಿಸ್‌ಮಸ್ಸನ್ನೂ ಮಾಡಿದ, ಒಬ್ಬ ಮನುಷ್ಯನ ಆಯಸ್ಸಲ್ಲಿ ಇಷ್ಟು.

ಕೆಲಸ ಹೇಗೆ ನಡೀತಿತ್ತು ಅಂದ್ರೆ ರೋಮಿಯೋ ಮುಲ್ಲರ್ ನ್ಯೂಯಾರ್ಕ್‌ನಲ್ಲಿ ಸ್ಕ್ರಿಪ್ಟ್ ಬರೀತಿದ್ದ, ಧ್ವನಿ ಹೆಚ್ಚಿನಂಶ ಕೆನಡಾದ ಟೊರಾಂಟೋದಲ್ಲಿ ರೆಕಾರ್ಡ್ ಆಯ್ತು, ರುಡಾಲ್ಫ್‌ಗೆ ದನಿ ಕೊಟ್ಟಿದ್ದು ಬಿಲ್ಲಿ ಮೇ ರಿಚರ್ಡ್ಸ್ ಅನ್ನೋ ಹೆಂಗಸು, ಆ ಟೇಪ್ ಟೋಕಿಯೋಗೆ ಹೋಗಿ ಅಲ್ಲಿ ಜಪಾನಿ ಕಲಾವಿದರು ಆ ಇಂಗ್ಲಿಷ್ ಮಾತಿಗೆ ತಕ್ಕ ಹಾಗೆ ಗೊಂಬೆಯ ಬಾಯಿ, ಕಣ್ಣು, ಕಿವಿ ಆಡಿಸಿದ್ರು. ಇನ್ನೊಂದು ಸಲ ನೋಡುವಾಗ ರುಡಾಲ್ಫ್ ಬೇಜಾರಾದಾಗ ಕಿವಿ ಹೇಗೆ ಇಳಿಯುತ್ತೆ ನೋಡಿ, ಮಾತೇ ಬೇಕಾಗಲ್ಲ.

ಫ್ರಾಸ್ಟಿ ಅನ್ನೋ, ಹಿಮದಲ್ಲಿ ಮಾಡಿದ ಮನುಷ್ಯನ ಚಿತ್ರದಲ್ಲಿ ಗೊಂಬೆ ಇಲ್ವಲ್ಲ?

ಹೌದು, ಅದು ಕೈಯಲ್ಲಿ ಬರೆದ ಚಿತ್ರ, 1969. ಪಾಲ್ ಕೋಕರ್ ಜೂನಿಯರ್ ಶುಭಾಶಯ ಪತ್ರದ ಚಿತ್ರದ ಹಾಗೆ ಪಾತ್ರಗಳನ್ನ ಬರೆದುಕೊಟ್ಟ, ಅನಿಮೇಷನ್ ಆಗಿದ್ದು ಜಪಾನಿನ ಹೆಸರಾಂತ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಕಟ್ಟಿದ ಮುಶಿ ಪ್ರೊಡಕ್ಷನ್‌ನಲ್ಲಿ. ಮಕ್ಕಳು ತುಂಬಾ ಚಿಕ್ಕವರಾಗಿದ್ರೆ ರುಡಾಲ್ಫ್‌ಗಿಂತ ಮೊದಲು ಇದನ್ನೇ ಹಾಕಿ, ಅರ್ಧ ಗಂಟೆನೂ ಇಲ್ಲ.

ರುಡಾಲ್ಫ್‌ನಲ್ಲಿ ಅಪ್ಪನೂ ಸಾಂಟಾನೂ ಅಷ್ಟು ಕೆಟ್ಟದಾಗಿ ನಡ್ಕೋತಾರೆ, ಮಕ್ಕಳಿಗೆ ತೋರಿಸೋದು ಸರೀನಾ?

ತೋರಿಸಿ, ಆದ್ರೆ ಪಕ್ಕದಲ್ಲಿ ಕೂತು ತೋರಿಸಿ. ಅಪ್ಪ ಮಗನ ಹೊಳೆಯೋ ಮೂಗಿಗೆ ಕೆಸರು ಮೆತ್ತಿ ಮುಚ್ಚಿಡ್ತಾನೆ, ಸಾಂಟಾನೇ ಮುಖ ಸಿಂಡರಿಸ್ತಾನೆ, ಕೋಚ್ ಎಲ್ಲರ ಮುಂದೆ ಅವನನ್ನ ಆಟದಿಂದ ಹೊರಗೆ ಹಾಕ್ತಾನೆ. ನನಗೂ ಮೊದಲ ಸಲ ಹೊಟ್ಟೆ ಉರೀತು. ಆದ್ರೆ ಈ ಚಿತ್ರ ದೊಡ್ಡವರದ್ದು ತಪ್ಪು ಅಂತ ಸ್ಪಷ್ಟವಾಗಿ ಹೇಳುತ್ತೆ, ದೊಡ್ಡವರೇ ಬಂದು ಕ್ಷಮೆ ಕೇಳ್ತಾರೆ. ಹಲ್ಲಿನ ಡಾಕ್ಟ್ರಾಗಬೇಕು ಅನ್ನೋ ಎಲ್ಫ್, ಅಂದ್ರೆ ಸಾಂಟಾನ ಪುಟ್ಟ ಕೆಲಸಗಾರ, ಹರ್ಮಿ ಇದ್ದಾನಲ್ಲ, ಬೊಂಬೆ ಮಾಡೋ ಕುಲದಲ್ಲಿ ಹುಟ್ಟಿ ಹಲ್ಲು ಹಲ್ಲು ಅಂತಾನೆ, ಮನೆಯವರು ಹೇಳಿದ ಕೋರ್ಸ್ ಬಿಟ್ಟು ಬೇರೆ ಓದಿದ ನಮ್ಮ ಎಷ್ಟೋ ಹುಡುಗ ಹುಡುಗಿಯರಿಗೆ ಅವನು ತಮ್ಮವನೇ ಅನ್ಸುತ್ತೆ.

ಯಾರಿಗೂ ಬೇಡವಾದ ಆಟದ ಸಾಮಾನುಗಳ ದ್ವೀಪದ್ದು ಇನ್ನೊಂದು ಕಥೆ ಇದೆ. 1964ರ ಮೊದಲ ಪ್ರಸಾರದಲ್ಲಿ ಆ ಬೊಂಬೆಗಳನ್ನ ಕರ್ಕೊಂಡು ಹೋಗ್ತೀವಿ ಅಂತ ಮಾತು ಕೊಟ್ಟು ಕೊನೆಗೆ ಅವುಗಳ ಸುದ್ದಿನೇ ಬರಲಿಲ್ಲ. ಅವು ಏನಾದವು ಅಂತ ನೋಡಿದವರು ಕಾಗದ ಬರೆದ್ರು, ಅದಕ್ಕೇ ಮುಂದಿನ ವರ್ಷ ಸಾಂಟಾ ಬಂದು ಅವುಗಳನ್ನ ಹತ್ತಿಸ್ಕೊಂಡು ಹೋಗೋ ದೃಶ್ಯವನ್ನ ಹೊಸದಾಗಿ ಸೇರಿಸಿದ್ರು. ಜನ ಕೇಳಿದ್ದಕ್ಕೆ ಆ ಗೊಂಬೆಗಳು ಮನೆ ಸೇರಿದವು, ನನಗೆ ಪ್ರತಿ ವರ್ಷ ಗಂಟಲು ಕಟ್ಟೋದು ಅಲ್ಲೇ.

ಬೇರೆಯವರದ್ದು ಯಾವುದು ನೋಡಬೇಕು?

ಚಾರ್ಲಿ ಬ್ರೌನ್‌ದು, 1965. ನಿಜವಾದ ಮಕ್ಕಳ ದನಿ, ಹಿನ್ನೆಲೆಯಲ್ಲಿ ವಿನ್ಸ್ ಗ್ವರಾಲ್ಡಿಯ ಜಾಝ್ ಪಿಯಾನೋ, ಕೃತಕ ನಗು ಇಲ್ಲ, ಆ ಕಾಲಕ್ಕೆ ಇದೆಲ್ಲ ದೊಡ್ಡ ಧೈರ್ಯ. 1966ರ ಗ್ರಿಂಚ್, ಚಕ್ ಜೋನ್ಸ್ ಮಾಡಿದ್ದು, ಬೋರಿಸ್ ಕಾರ್ಲೋಫ್ ದನಿ. ಬ್ರಿಟನ್ನಿನ ದಿ ಸ್ನೋಮ್ಯಾನ್, 1982, ಒಂದೇ ಒಂದು ಹಾಡು ಬಿಟ್ರೆ ಪಾತ್ರಗಳು ಮಾತೇ ಆಡಲ್ಲ, ಆದ್ದರಿಂದ ಊರಲ್ಲಿರೋ ಇಂಗ್ಲಿಷ್ ಬಾರದ ಅಜ್ಜಿ ಜೊತೆ ಮೊಮ್ಮಕ್ಕಳು ಕೂತು ನೋಡೋಕೆ ಅದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ.

ಹಾಬಿಟ್ ಅಂದ್ರೆ ಪೀಟರ್ ಜಾಕ್ಸನ್ ಮೂರು ಭಾಗದಲ್ಲಿ ಮಾಡಿದ್ದು ಅಲ್ವಾ? ಹಳೇದನ್ನ ಯಾಕೆ ನೋಡಬೇಕು?

ಹಳೇದು 1977ರ ನವೆಂಬರ್ 27ಕ್ಕೆ ಎನ್‌ಬಿಸಿಯಲ್ಲಿ ಬಂತು, ಬರೀ 77 ನಿಮಿಷ. ಟೋಲ್ಕಿನ್ ಆ ಪುಸ್ತಕ ಬರೆದಿದ್ದು ಮಕ್ಕಳಿಗೆ, 1937ರಲ್ಲಿ, ರಾತ್ರಿ ಮಲಗೋ ಹೊತ್ತಿಗೆ ಓದಿ ಹೇಳೋ ಕಥೆಯ ದನಿ ಅದರದ್ದು, ಆ ದನಿ ಹಳೇ ಚಿತ್ರದಲ್ಲಿ ಉಳಿದಿದೆ. ಹಿನ್ನೆಲೆ ಚಿತ್ರಗಳನ್ನ ನೋಡಿ ದಯವಿಟ್ಟು, ಜಲವರ್ಣದಲ್ಲಿ ಬರೆದ ಗಂಟುಗಂಟಾದ ಮರಗಳು, ಹಳದಿ ಕಂದು ಆಕಾಶ, ಆರ್ಥರ್ ರಾಕಮ್ ಹಳೇ ಇಂಗ್ಲಿಷ್ ಮಕ್ಕಳ ಪುಸ್ತಕಗಳಿಗೆ ಬರೀತಿದ್ದ ಚಿತ್ರಗಳ ನೆರಳು ಅಲ್ಲೆಲ್ಲ ಇದೆ.

ನನಗೆ ಅದಕ್ಕಿಂತಲೂ ದೊಡ್ಡದು ಹಾಡು. ಟೋಲ್ಕಿನ್ ಪುಸ್ತಕದ ತುಂಬಾ ಪದ್ಯಗಳಿವೆ, ಓದುವಾಗ ಬಹಳ ಜನ ಹಾರಿಸಿಬಿಡ್ತಾರೆ, ಈ ಚಿತ್ರದವರು ಹಾರಿಸಲಿಲ್ಲ. ಕುಳ್ಳರ ಹಾಡು, ಗಾಬ್ಲಿನ್‌ಗಳ ಹಾಡು, ಹೆಚ್ಚಿನವು ಟೋಲ್ಕಿನ್ ಬರೆದ ಸಾಲುಗಳೇ, ಮೌರಿ ಲಾಸ್ ರಾಗ ಹಾಕಿದ್ದಾನೆ, ಮುಖ್ಯ ಹಾಡನ್ನ ಗ್ಲೆನ್ ಯಾರ್ಬ್ರೋ ಹಾಡಿದ್ದಾನೆ. ಪದ್ಯ ಅಂದ್ರೆ ಹಾಡೋದಕ್ಕೇ ಇರೋದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಭಾವಗೀತೆ, ಗಮಕ ಕೇಳಿ ಬೆಳೆದವರು ನಾವು, ಅದಕ್ಕೇ ಇರಬೇಕು ಈ ಚಿತ್ರ ನನಗೆ ಅಷ್ಟು ಬೇಗ ಒಳಗೆ ಇಳೀತು. ದನಿಗಳೂ ಹಾಗೇ, ಮಂತ್ರವಾದಿ ಗ್ಯಾಂಡಲ್ಫ್‌ಗೆ ಜಾನ್ ಹ್ಯೂಸ್ಟನ್, ಸ್ಮಾಗ್ ಡ್ರ್ಯಾಗನ್‌ಗೆ ರಿಚರ್ಡ್ ಬೂನ್, ಕತ್ತಲಲ್ಲಿ ಗೊಲ್ಲಮ್ ಅನ್ನೋ ಗುಹೆಯ ಜೀವಿ ಜೊತೆ ಒಗಟಿನ ಆಟ ಆಡೋ ಭಾಗವನ್ನ ಲೈಟ್ ಆರಿಸಿ ನೋಡಿ.

ಕೊರತೆ ಇಲ್ವಾ ಅಂದ್ರೆ ಇದೆ. ಕರಡಿಯಾಗಿ ಬದಲಾಗೋ ಬಿಯೋರ್ನ್ ಇಲ್ಲ, ಆರ್ಕೆನ್‌ಸ್ಟೋನ್ ರತ್ನ ಇಲ್ಲ, ರತ್ನ ಇಲ್ಲದ ಮೇಲೆ ಕೊನೆಯ ಜಗಳಕ್ಕೆ ಬಲ ಇಲ್ಲ, ಯುದ್ಧ ಅವಸರದಲ್ಲಿ ಮುಗಿದುಹೋಗುತ್ತೆ. ಪುಸ್ತಕ ಬಾಯಿಪಾಠ ಆಗಿರೋರಿಗೆ ಇದು ಚುಚ್ಚುತ್ತೆ, ನನಗೂ ಚುಚ್ಚುತ್ತೆ. ಆದ್ರೂ ಇದಕ್ಕೆ ಅಮೆರಿಕದ ಟಿವಿ ಕಾರ್ಯಕ್ರಮಗಳಿಗೆ ಕೊಡೋ ಪೀಬಡಿ ಪ್ರಶಸ್ತಿ ಬಂತು, ಬರಬೇಕಾಗಿದ್ದೇ.

1978ರ ಲಾರ್ಡ್ ಆಫ್ ದಿ ರಿಂಗ್ಸ್ ಕಾರ್ಟೂನ್ ಇದರ ಮುಂದಿನ ಭಾಗನಾ?

ಅಲ್ಲ, ಅದು ರಾಲ್ಫ್ ಬಕ್ಷಿಯದ್ದು, ಬೇರೆ ಕಂಪನಿ, ನಟರನ್ನ ಮೊದಲು ಶೂಟ್ ಮಾಡಿ ಅದರ ಮೇಲೆ ಚಿತ್ರ ಬರೆಯೋ ವಿಧಾನ, ಕಥೆ ಅರ್ಧಕ್ಕೇ ನಿಲ್ಲುತ್ತೆ. ರಾಂಕಿನ್-ಬಾಸ್‌ನವರು 1980ರಲ್ಲಿ ರಿಟರ್ನ್ ಆಫ್ ದಿ ಕಿಂಗ್ ಮಾಡಿದ್ರು. ಲೆಗೊಲಾಸ್, ಗಿಮ್ಲಿ ಇಬ್ಬರೂ ಇಲ್ಲದ ಚಿತ್ರ ಅದು, ಹಾಬಿಟ್ ಇಷ್ಟ ಆದ್ರೆ ಮಾತ್ರ ನೋಡಿ.

ಲಾಸ್ಟ್ ಯೂನಿಕಾರ್ನ್ ಪುಟ್ಟ ಮಕ್ಕಳದ್ದಾ?

ಹೆಸರು ಕೇಳಿ, ಪೋಸ್ಟರ್ ನೋಡಿ ಐದು ವರ್ಷದ ಮಗುಗೆ ಹಾಕಿಬಿಡಬೇಡಿ. ಒಂಟಿಕೊಂಬಿನ ಬಿಳಿ ಕುದುರೆ, ತನ್ನ ಕುಲದಲ್ಲಿ ತಾನೊಬ್ಬಳೇ ಉಳಿದಿರೋದು ಅಂತ ಕಿವಿಗೆ ಬಿದ್ದು ಉಳಿದವರನ್ನ ಹುಡುಕಿಕೊಂಡು ಹೊರಡ್ತಾಳೆ, ಅಷ್ಟೇ ಕಥೆ, ಆದ್ರೆ ಅದರೊಳಗೆ ವಯಸ್ಸಾಗೋದು, ಸಾವು, ಪಶ್ಚಾತ್ತಾಪ ಎಲ್ಲ ಇದೆ. ಅವಳು ಹುಡುಗಿಯಾಗಿ ಬದಲಾದಾಗ, ಸಾಯೋ ದೇಹದೊಳಗೆ ಸಿಕ್ಕಿಹಾಕಿಕೊಂಡ ಆ ಸಾವಿಲ್ಲದ ಜೀವ ತನ್ನ ಕೈಗಳನ್ನೇ ನೋಡ್ಕೊಂಡು ಹೆದರೋ ದೃಶ್ಯ ಇದೆ, ದೊಡ್ಡವಳಾದ ನನಗೇ ಎದ್ದು ನೀರು ಕುಡೀಬೇಕು ಅನ್ನಿಸ್ತು. ಎಂಟು ಹತ್ತು ವರ್ಷದ ಮೇಲೆ ತೋರಿಸಿ.

1968ರ ಕಾದಂಬರಿ ಪೀಟರ್ ಬೀಗಲ್‌ದು, 1982ರ ಚಿತ್ರಕ್ಕೆ ಚಿತ್ರಕಥೆಯೂ ಅವನದ್ದೇ, ಅದಕ್ಕೇ ಅಳವಡಿಕೆ ಅಂದ್ರೆ ಹೇಗಿರಬೇಕು ಅಂತ ಕೇಳಿದವರಿಗೆ ನಾನು ಮೊದಲು ತೋರಿಸೋದು ಇದನ್ನೇ. ವಿಚಿತ್ರ ಏನಂದ್ರೆ ರಾಂಕಿನ್-ಬಾಸ್‌ಗೆ ಕೊಟ್ಟಿದ್ದಾರೆ ಅಂತ ಗೊತ್ತಾದಾಗ ಬೀಗಲ್‌ಗೇ ಗಾಬರಿ ಆಗಿತ್ತು, ಚಿತ್ರ ನೋಡಿದ ಮೇಲೆ ಮೆಚ್ಚಿಕೊಂಡ. ಹ್ಯಾಗರ್ಡ್ ರಾಜನಿಗೆ ದನಿ ಕೊಟ್ಟ ಕ್ರಿಸ್ಟೋಫರ್ ಲೀ ರೆಕಾರ್ಡಿಂಗ್‌ಗೆ ಬರುವಾಗ ತನ್ನದೇ ಪುಸ್ತಕದ ಪ್ರತಿ ತಂದಿದ್ನಂತೆ, ಯಾವ ಸಾಲನ್ನ ತೆಗೀಲೇಬಾರದು ಅಂತ ಗುರುತು ಹಾಕ್ಕೊಂಡು. ಜರ್ಮನ್ ಡಬ್ಬಿಂಗ್‌ನಲ್ಲೂ ಅವನೇ ದನಿ ಕೊಟ್ಟ. ಪುಸ್ತಕದ ಮೇಲೆ ಅಷ್ಟು ಪ್ರೀತಿ ಇರೋರು ಕೆಲಸ ಮಾಡಿದಾಗ ಅದು ತೆರೆ ಮೇಲೆ ಕೇಳ್ಸುತ್ತೆ. ಶುರುವಿನ ಟೈಟಲ್ಸನ್ನ ಓಡಿಸಬೇಡಿ, ನ್ಯೂಯಾರ್ಕ್‌ನ ಕ್ಲೋಯ್ಸ್ಟರ್ಸ್ ಮ್ಯೂಸಿಯಂನಲ್ಲಿರೋ ಐನೂರು ವರ್ಷ ಹಳೆಯ ಯೂನಿಕಾರ್ನ್ ನೇಯ್ಗೆ ಚಿತ್ರಗಳಿಂದ ಬಂದಿರೋ ಚಿತ್ರಗಳವು, ನಾನು ಚಿತ್ರ ನೋಡಿದ ಮೇಲೆ ಹೋಗಿ ಆ ನೇಯ್ಗೆ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಜಪಾನಿನ ಜಿಬ್ಲಿ ಅನಿಮೇಷನ್ ಸ್ಟುಡಿಯೋಗೂ ಇದಕ್ಕೂ ಏನೋ ನಂಟಿದೆ ಅಂತಾರೆ, ನಿಜಾನಾ?

ನಿಜ. ಹಾಬಿಟ್, ರಿಟರ್ನ್ ಆಫ್ ದಿ ಕಿಂಗ್, ಲಾಸ್ಟ್ ಯೂನಿಕಾರ್ನ್ ಮೂರನ್ನೂ ಬರೆದು ಅನಿಮೇಟ್ ಮಾಡಿದ್ದು ಟೋಕಿಯೋದ ಟಾಪ್‌ಕ್ರಾಫ್ಟ್ ಸ್ಟುಡಿಯೋ, ಕಟ್ಟಿದವನು ತೋರು ಹಾರಾ. ಅದೇ ಸ್ಟುಡಿಯೋದಲ್ಲಿ, ಮುಂದೆ ಜಿಬ್ಲಿಯಿಂದ ಹೆಸರಾದ ನಿರ್ದೇಶಕ ಮಿಯಾಝಾಕಿ 1984ರ ನೌಸಿಕಾ ಚಿತ್ರ ಮಾಡಿದ. ಮುಂದಿನ ವರ್ಷ ಟಾಪ್‌ಕ್ರಾಫ್ಟ್ ಮುಚ್ಚಿತು, ಜಿಬ್ಲಿ ಹುಟ್ಟಿತು, ಹಾರಾ ಮತ್ತೆ ಅಲ್ಲಿನ ಕೆಲವು ಕಲಾವಿದರು ಜಿಬ್ಲಿಗೆ ಹೋದ್ರು. ಲಾಸ್ಟ್ ಯೂನಿಕಾರ್ನ್‌ನ ಸಮುದ್ರದ ಅಲೆ ನೋಡಿ ಆಮೇಲೆ ನೌಸಿಕಾ ಹಾಕಿ, ಹೋಲಿಕೆ ನಾನು ಹೇಳಬೇಕಾಗಿಲ್ಲ.

ಕ್ರಿಸ್‌ಮಸ್ ನಮ್ಮ ಮನೆ ಹಬ್ಬ ಅಲ್ಲ, ನಾವು ನೋಡಿದ್ರೆ ಅರ್ಥ ಆಗುತ್ತಾ?

ರುಡಾಲ್ಫ್ ಮಾಡಿದ ಟೋಕಿಯೋದ ಕೈಗಳಲ್ಲೂ ಎಷ್ಟೋ ಜನರಿಗೆ ಅದು ಮನೆ ಹಬ್ಬ ಆಗಿರಲಿಲ್ಲ. ಹಿಂದು ಮುಂದಾಗಿಯೂ ನಡೆದಿದೆ ಇದು, 1992ರಲ್ಲಿ ಯುಗೋ ಸಾಕೋ ಅನ್ನೋ ಜಪಾನಿ ನಮ್ಮ ಭಾರತದ ಅನಿಮೇಟರ್ ರಾಮ್ ಮೋಹನ್ ಜೊತೆ ಸೇರಿ ರಾಮಾಯಣವನ್ನ ಅನಿಮೇಷನ್ ಮಾಡಿದ್ದನ್ನ ನಾವು ನಮ್ಮದೇ ಅಂತ ನೋಡಿದ್ವಿ. ನಮ್ಮ ಮನೇಲಿ ಮಂಗಳೂರಿನ ಗೆಳತಿ ಕುಸ್ವಾರ್, ಅಂದ್ರೆ ಕ್ರಿಸ್‌ಮಸ್ ತಿಂಡಿಗಳ, ಡಬ್ಬಿ ಕಳಿಸಿದ ದಿನವೇ ರುಡಾಲ್ಫ್ ಹಾಕೋದು, ಮಗಳು ಅದರಲ್ಲಿರೋ ಕಿಡಿಯೋ ಮೆಲ್ಲುತ್ತಾ ನೋಡ್ತಾಳೆ.

ಆ ಮೂಲ ಗೊಂಬೆಗಳು ಈಗಲೂ ಇದಾವಾ?

ಬಹಳಷ್ಟು ಹೋಗಿಬಿಟ್ವು. ಆರು ಇಂಚಿನ ರುಡಾಲ್ಫ್, ಹನ್ನೊಂದು ಇಂಚಿನ ಸಾಂಟಾ ಮಾತ್ರ ಅಮೆರಿಕಕ್ಕೆ ಬಂದು ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ಒಬ್ಬರ ಮನೆ ಸೇರಿದ್ವು, ಅಲ್ಲಿ ವರ್ಷ ವರ್ಷ ಕ್ರಿಸ್‌ಮಸ್ ಮರದ ಕೆಳಗೆ ಇಡ್ತಿದ್ರು, ಮಕ್ಕಳು ಆಡಿ ಆಡಿ ಸವೆಸಿದ್ರು. ಆಮೇಲೆ ರಿಪೇರಿ ಮಾಡಿಸಿ, 2020ರ ನವೆಂಬರ್‌ನಲ್ಲಿ ಹರಾಜಿಗೆ ಬಂದಾಗ ಎರಡೂ ಸೇರಿ 3,68,000 ಡಾಲರ್‌ಗೆ ಹೋದ್ವು. ಮೂಗು ಆಗಲೂ ಕೆಂಪಗೆ ಹತ್ತಿಕೊಳ್ತಿತ್ತು.